ಕಮ್ಮಾರರ ಮುಖ ಬರೆದ ಮೇಷ್ಟ್ರು

ತರೀಕೆರೆಯ ನಮ್ಮ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಅವರು ರಜೆ ಬಂದರೆ ಕ್ಯಾಮೆರಾ ಹಿಡಿದು ಹೊರಡುತ್ತಿದ್ದರು. ಅವರ ಸಿನಿಮಾಗಳಲ್ಲಿ ಕಥೆ ಇರುತ್ತಿರಲಿಲ್ಲ. ಒಂದರಲ್ಲಿ ಕಡೂರು ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ನಡೆದಾಡುವ ನೆರಳುಗಳಷ್ಟೇ ಇದ್ದವು. "ಇದರರ್ಥ ಏನ್ ಸಾರ್?" ಎಂದು ನಾವು ಉಳಿದ ಮೇಷ್ಟ್ರುಗಳು ಕೇಳಿದರೆ, ಕನ್ನಡಕವನ್ನು ಹಣೆಗೇರಿಸಿ "ಮೊದ್ಲು ನೋಡ್ರೀ" ಎನ್ನುತ್ತಿದ್ದರು.

ಅಜ್ಜಂಪುರದ ಕಮ್ಮಾರರೊಬ್ಬರ ಕೈಗಳನ್ನು ಅವರು ಹತ್ತು ದಿನ ಚಿತ್ರೀಕರಿಸಿದರು. ಕುಡುಗೋಲು ತಯಾರಾಗುವ ಆ ಸಿನಿಮಾದಲ್ಲಿ ಮುಖ ಒಮ್ಮೆಯೂ ಕಾಣುವುದಿಲ್ಲ. ಎಡಿಟಿಂಗ್ ಮುಗಿಯುವಷ್ಟರಲ್ಲಿ ಕಮ್ಮಾರರು ತೀರಿಕೊಂಡರು. ಮೇಷ್ಟ್ರು ಕಮ್ಮಾರರ ಹೆಂಡತಿಯನ್ನು ಕರೆಸಿ ಶಾಲೆಯಲ್ಲೇ ಸಿನಿಮಾ ತೋರಿಸಿದರು.

ಮುಗಿದ ಮೇಲೆ ಆಕೆ, "ಕೈ ಅವರ್ದೇ ಕಣ್ರೀ. ಮುಖ ಎಲ್ಲಿ ಮೇಷ್ಟ್ರೇ? ಮನೇಲಿ ಆಧಾರ್ ಫೋಟೋ ಬಿಟ್ರೆ ಏನೂ ಇಲ್ಲ. ಅದ್ರಲ್ಲಿ ಅವರ ಥರಾನೇ ಇಲ್ಲ" ಎಂದರು.

ಮೇಷ್ಟ್ರು ಹಾಳೆ ತಂದು ಬರೆಯಲು ಕೂತರು. ಪೆನ್ಸಿಲ್ ಓಡಲಿಲ್ಲ.

"ಹತ್ತು ದಿನ ಎದುರಿಗೇ ಕೂತಿದ್ದೆ. ಮುಖ ನೋಡೇ ಇಲ್ಲ ಕಣಮ್ಮಾ" ಎಂದು ತಲೆ ತಗ್ಗಿಸಿದರು.

ಆಕೆ ಪಕ್ಕದಲ್ಲಿ ಕೂತು ಹೇಳತೊಡಗಿದರು. "ಮೂಗು ಇಷ್ಟು ನೆಟ್ಟಗಿರ್ಲಿಲ್ಲ. ಹುಬ್ಬು ಇನ್ನೊಂಚೂರು ದಪ್ಪ. ಸಿಟ್ಟಾಗಿರೋ ಹಂಗೆ ಮಾಡ್ಬೇಡಿ, ಅವ್ರು ಸಿಟ್ಟು ಮಾಡ್ಕೊಳ್ಳೋರಲ್ಲ."

ಮೇಷ್ಟ್ರು ಅಳಿಸಿ ಅಳಿಸಿ ಬರೆದರು. ಸಂಜೆಯ ಹೊತ್ತಿಗೆ ಆಕೆ "ಹಾ, ಬಂದ್ರು" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಹಾಳೆಯನ್ನು ಆಕೆಗೇ ಕೊಟ್ಟು ಕಳಿಸಿದರು. ಸಿನಿಮಾವನ್ನು ಮಾತ್ರ ತಿದ್ದಲಿಲ್ಲ. ಆದರೆ ಅಲ್ಲಿಂದಾಚೆಗೆ ಯಾರನ್ನು ಚಿತ್ರೀಕರಿಸಲು ಹೋದರೂ, ಮೊದಲ ದಿನ ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು, ಎದುರಿಗೆ ಕೂತು ಅವರ ಮುಖ ಬರೆಯುತ್ತಿದ್ದರು.