ರಾಜನ ತಲೆಯ ಕಥೆ ಹೇಳಿದ ಮಾಸ್ತರರು

ನಮ್ಮ ಇತಿಹಾಸದ ಮಾಸ್ತರರು ಪುಟ ತಿರುವಲು ಎಂದೂ ಬೆರಳನ್ನು ನಾಲಿಗೆಗೆ ಮುಟ್ಟಿಸಿದವರಲ್ಲ. ಬಸದಿಯ ಗ್ರಂಥಗಳಿಗಿದ್ದ ಮಡಿಯೇ ಅವರ ಇಂಗ್ಲಿಷ್ ಪುಸ್ತಕಗಳಿಗೂ ಇತ್ತು. ಹಾಳೆಯ ಮೇಲೆ ಇರುವೆ ಹರಿದರೆ, ಅದು ದಾಟುವ ತನಕ ಆ ಒಣ ಬೆರಳು ಗಾಳಿಯಲ್ಲೇ ನಿಂತಿರುತ್ತಿತ್ತು.

ಗಡಹಿಂಗ್ಲಜದ ನಮ್ಮ ಶಾಲೆಯಲ್ಲಿ ಪಾಠವೆಲ್ಲ ಮರಾಠಿಯಲ್ಲಿ. ಸಂಜೆ ಮಾಸ್ತರರು ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸಿ, ಕನ್ನಡ ಮನೆಗಳ ನಾಲ್ಕಾರು ಹುಡುಗರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಬ್ರಿಟನ್ನಿನ ಇತಿಹಾಸವನ್ನೂ ಅಲ್ಲಿಯ ದೊಡ್ಡವರ ಬಾಳನ್ನೂ ಕನ್ನಡದಲ್ಲಿ ಓದಿ ಹೇಳುತ್ತಿದ್ದರು. "ನಮ್ಮನ್ನ ಆಳೂ ಮಂದಿ ಹ್ಯಾಂಗ ಬೆಳದ್ರು, ತಿಳೀಬೇಕಲ್ಲೋ" ಎನ್ನುವರು.

ಒಮ್ಮೆ, ಪ್ರಜೆಗಳೇ ವಿಚಾರಣೆ ನಡೆಸಿ ತಲೆ ತೆಗೆಸಿದ ಅರಸನ ಕಥೆ ಬಂತು.

"ಚಳಿಗೆ ನಡುಗಿದ್ರ ಅಂಜ್ಯಾನ ಅಂದಾರು ಅಂತ ಎರಡು ಅಂಗಿ ಹಾಕ್ಕೊಂಡು ತಲಿ ಕೊಡಾಕ ಹ್ವಾದಾ."

"ನಮಗ ಒಂದ ಅಂಗಿ ಐತ್ರಿ ಸರ್" ಎಂದೆ.

"ಅದಕ್ಕ ನಿನ್ನ ತಲಿ ಉಳದೈತಿ, ತಗೋ."

ನಲವತ್ತೆರಡರ ಶ್ರಾವಣದಲ್ಲಿ ನಾನು ಚಳವಳಿಯ ಹುರುಪಿನಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿ ಸಿಕ್ಕಿಬಿದ್ದೆ. ಯಾರು ಕಲಿಸಿದರೆಂದು ಪೊಲೀಸರು ಕೇಳಿದರು. ಯಾರೂ ಕಲಿಸಿರಲಿಲ್ಲ. ಆದರೆ ನಾನು ಆ ವರ್ಷ ಮ್ಯಾಟ್ರಿಕ್‌ಗೆ ಕೂಡಬೇಕಿತ್ತು.

"ರಾಜನ ತಲಿ ತಗೀಬಹುದಂತ ಮಾಸ್ತರ್ರು ಹೇಳ್ಯಾರ್ರಿ" ಎಂದೆ.

ಅರಸರ ಸಂಸ್ಥಾನವಾದ ನಮ್ಮ ಕೊಲ್ಹಾಪುರದಲ್ಲಿ ಆ ಒಂದು ಮಾತು ಸಾಕಿತ್ತು. ಮಾಸ್ತರರನ್ನು ಕರೆಸಿ ಕೇಳಿದಾಗ "ಹೌದ್ರಿ, ಕಥಿ ನಾನ ಹೇಳೇನಿ" ಎಂದರಂತೆ. ನನ್ನನ್ನು ಬೈದು ಬಿಟ್ಟು ಕಳಿಸಿದರು. ಅವರ ನೌಕರಿ ಹೋಯಿತು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ನಾವು ಜೈನರು ಒಬ್ಬರಲ್ಲೊಬ್ಬರು ವರ್ಷದ ತಪ್ಪುಗಳಿಗೆ ಕ್ಷಮೆ ಬೇಡುತ್ತೇವೆ. ಒಬ್ಬರು ಬೇಡಿದರೆ ಎದುರಿನವರೂ ಬೇಡಬೇಕು. ಕಿರಿಯನಾದ ನಾನೇ ಮೊದಲು ಹೋಗಬೇಕಿತ್ತು; ಹೋಗಲಿಲ್ಲ. ಮಾಸ್ತರರೇ ನಮ್ಮ ಬಾಗಿಲಿಗೆ ಬಂದು ಕೈ ಜೋಡಿಸಿದರು.

"ತಮ್ಮಾ, ನನ್ನ ಕಥಿಯಿಂದ ನಿನಗ ಭಾಳ ತ್ರಾಸ ಆತು. ಕ್ಷಮಾ ಮಾಡು."

ಒಳಗೆ ಅವ್ವ ಇದ್ದಳು. ಅವಳಿಗೆ ನನ್ನ ಸುಳ್ಳು ಗೊತ್ತಿರಲಿಲ್ಲ. ನಾನು ಬೇಡಿದರೆ, ಯಾತಕ್ಕೆಂದು ಕೇಳುತ್ತಿದ್ದಳು.

"ಮಾಡೇನ್ರಿ" ಎಂದೆ. ಅಷ್ಟೇ ಎಂದೆ.

ಅವರು ಜೋಡಿಸಿದ ಕೈ ಇಳಿಸದೆ ನಿಂತರು. ಆಮೇಲೆ ಕೊಡೆ ಬಿಚ್ಚಿ ಹೊರಟರು. ಇಚಲಕರಂಜಿಯ ಮಗ್ಗದ ಬಟ್ಟೆ ವ್ಯಾಪಾರದ ಪೇಢಿಯೊಂದರಲ್ಲಿ ಕಾಗದ ಪತ್ರ ಬರೆದುಕೊಂಡಿದ್ದು, ನಾಲ್ಕು ವರ್ಷಕ್ಕೆ ಕ್ಷಯದಿಂದ ತೀರಿಕೊಂಡರು. ಸುದ್ದಿ ತಿಳಿದೂ ನಾನು ಹೋಗಲಿಲ್ಲ.

ಈಗಲೂ ಪ್ರತಿವರ್ಷ ಆ ದಿನ ಊರವರಲ್ಲೆಲ್ಲ ಕ್ಷಮೆ ಬೇಡಿ ಬರುತ್ತೇನೆ. ಮರಳಿ ಮನೆ ಹೊಗುವಾಗ ಮಾತ್ರ ಹಿತ್ತಲ ಬಾಗಿಲಿನಿಂದ ಬರುತ್ತೇನೆ. ಮುಂಬಾಗಿಲಲ್ಲಿ ಮಾಸ್ತರರು ಕೈ ಜೋಡಿಸಿ ನಿಂತಿದ್ದಾರೆ.