ಹತ್ತನೆಯ ಒಲೆ

ರೇವವ್ವನ ಬಗ್ಗೆ ಒಳ್ಳೆಯದನ್ನೇ ಬರೆಯುತ್ತೇನೆಂದು ಯಾರೂ ತಿಳಿಯಬೇಡಿ. ಅವಳು ತೀರಿಕೊಂಡು ಎಷ್ಟೋ ವರ್ಷವಾಯಿತೆಂದು ಕೇಳಿದ್ದೇನೆ. ಆದರೂ ಅವಳ ಹೆಸರು ಬಂದರೆ ನನಗೆ ಮೈ ಉರಿಯುತ್ತದೆ.

ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ಮನೆ. ಗಂಡ ಸೋಮನಿಂಗ ಕುರಿ ಹೊಡೆದುಕೊಂಡು ವರ್ಷದಲ್ಲಿ ಎಂಟು ತಿಂಗಳು ಭೀಮಾ ದಂಡೆಯ ಮೇಲೆಯೇ ಇರುತ್ತಿದ್ದ. ಇವಳು ಖಂಡೆಪ್ಪನ ಖಾನಾವಳಿಗೆ ದಿನಕ್ಕೆ ನೂರಿಪ್ಪತ್ತು ಜೋಳದ ರೊಟ್ಟಿ ಬಡಿದುಕೊಡುತ್ತಿದ್ದಳು, ಮುಂಜಾನೆ ಅರವತ್ತು, ಸಂಜೆ ಅರವತ್ತು. ತೊಗರಿ ಕಟ್ಟಿಗೆಯ ಹೊಗೆಯಲ್ಲಿ ಕೂತು ಕೂತು ಕಣ್ಣು ಕೆಂಪಾಗಿದ್ದವು, ಎದೆಯಲ್ಲಿ ಕೆಮ್ಮು ಮನೆ ಮಾಡಿತ್ತು. ಬಾಯಿ ತೆರೆದರೆ ಬೈಗುಳ. ಗಂಡನನ್ನು, ಖಂಡೆಪ್ಪನನ್ನು, ಬೀದಿಯ ನಾಯಿಯನ್ನು ಒಂದೇ ಉಸಿರಿನಲ್ಲಿ ಬೈಯುತ್ತಿದ್ದಳು. ಅವಳು ಬೈಯದೆ ಬಿಟ್ಟದ್ದು ತನ್ನ ರೊಟ್ಟಿ ಹಂಚನ್ನು ಮಾತ್ರ.

ನಾನು ಅಗರಖೇಡದ ಕಸ್ತೂರೆವ್ವ. ೧೯೭೫ರ ಬೇಸಿಗೆಯಲ್ಲಿ ನನಗೆ ಇಪ್ಪತ್ತೊಂದು. ಗ್ರಾಮಸೇವಿಕೆಯ ತರಬೇತಿಯ ಕೊನೆಯ ಎರಡು ತಿಂಗಳು ಊರೂರಿನಲ್ಲಿ ಕೆಲಸ ಮಾಡಿ ತೋರಿಸಬೇಕೆಂಬ ನಿಯಮವಿತ್ತು, ನನ್ನ ಪಾಲಿಗೆ ಸಿಂದಗಿ ಬಂತು. ಹತ್ತು ಮನೆಗಳಲ್ಲಿ ಹೊಗೆಯಿಲ್ಲದ ಒಲೆ ಹಾಕಿಸಬೇಕು. ಮೇಲ್ವಿಚಾರಕಿ ಇಂದುಬಾಯಿ ಬಂದು ಹತ್ತನ್ನೂ ಅಳೆದು ಸಹಿ ಮಾಡಿದರೆ ತರಬೇತಿ ಮುಗಿಯಿತು, ನೌಕರಿ ಸಿಕ್ಕಂತೆಯೇ. ಒಂದು ಕಡಿಮೆಯಾದರೂ ಮುದ್ದೇಬಿಹಾಳದ ಎರಡನೆಯ ಸಂಬಂಧದವನ ಜೊತೆ ನನ್ನ ಮದುವೆ. ಅಪ್ಪ ಆಗಲೇ ಮಾತು ಕೊಟ್ಟಿದ್ದ, ಮೇ ಮುಗಿಯುವವರೆಗೆ ನನಗೆ ಗಡುವು. ಆ ಮನುಷ್ಯನನ್ನು ಒಮ್ಮೆ ನೋಡಿದ್ದೆ. ಅವನ ಹಿರಿ ಮಗಳು ನನಗಿಂತ ಎರಡೇ ವರ್ಷ ಚಿಕ್ಕವಳು.

ಸಿಂದಗಿ ನನಗೆ ಹಿಡಿಸಲಿಲ್ಲ, ಸಿಂದಗಿಗೆ ನಾನೂ ಹಿಡಿಸಲಿಲ್ಲ. ಖೋಲಿ ಬಾಡಿಗೆಗೆ ಕೊಟ್ಟಿದ್ದ ಮುದುಕಿ ಸಾವಿತ್ರವ್ವ ದಿನಕ್ಕೆ ಎರಡು ಕೊಡಕ್ಕಿಂತ ಹೆಚ್ಚು ನೀರು ಮುಟ್ಟಗೊಡುತ್ತಿರಲಿಲ್ಲ. ಒಬ್ಬಳೇ ಬಂದಿರುವ ಹುಡುಗಿ ಎಂದು ಓಣಿಯವರು ನನ್ನ ಬೆನ್ನ ಹಿಂದೆ ಏನೇನೋ ಆಡಿಕೊಳ್ಳುತ್ತಿದ್ದರು. ಒಂಬತ್ತು ಮನೆಯವರು ಒಲೆ ಹಾಕಿಸಿಕೊಂಡದ್ದು ನನ್ನ ಮೇಲಿನ ಪ್ರೀತಿಯಿಂದಲ್ಲ, ಹೊಗೆ ಹೋಗುವ ನಳಿಗೆ ಪುಕ್ಕಟೆ ಸಿಗುತ್ತದೆ ಎಂದು. ಹತ್ತನೆಯವರು ಯಾರೂ ಸಿಗದೆ ಕೊನೆಗೆ ರೇವವ್ವನ ಬಾಗಿಲಿಗೆ ಹೋದೆ.

"ಅಕ್ಕಾರ, ಹುಟ್ಟಿದಾಗಿಂದ ನೀವು ಎಷ್ಟ ರೊಟ್ಟಿ ಬಡದೀರಿ?" ಎಂದಳು. ಓದಿದ ಹೆಣ್ಣುಮಕ್ಕಳನ್ನು ಅಕ್ಕಾರ ಎಂದು ಕರೆಯುವುದು ಮರ್ಯಾದೆ. ಅವಳ ಬಾಯಲ್ಲಿ ಅದು ಚುಚ್ಚುಮಾತು.

"ನಮ್ಮನ್ಯಾಗ ಆಳು ಅದಾರ್ರಿ."

"ಹಂಗಾರ ಒಲಿ ಹಾಕಾಕ ಆಳನ್ನ ಕಳಸಬೇಕಾಗಿತ್ತು. ನೀವ್ಯಾಕ ಬಂದ್ರಿ?"

ಉತ್ತರ ಕೊಡುವಷ್ಟರಲ್ಲಿ ಅವಳಿಗೆ ಕೆಮ್ಮು ಹತ್ತಿತು. ಗೋಡೆ ಹಿಡಿದು ನಿಂತು ಕೆಮ್ಮಿದಳು, ನಿಲ್ಲಲೇ ಇಲ್ಲ. ಅವಳನ್ನು ಒಪ್ಪಿಸಿದ್ದು ಆ ಕೆಮ್ಮು, ನಾನಲ್ಲ.

ಹಳೆಯ ಒಲೆ ಕಿತ್ತು ಕೈಪಿಡಿಯಲ್ಲಿದ್ದಂತೆ ಹೊಸದನ್ನು ಹಾಕಿದೆ. ಪಾತ್ರೆ ಕೂರುವ ಮೇಲಿನ ಕಂಡಿ ಎಂಟು ಇಂಚು, ಕಟ್ಟಿಗೆ ಇಡುವ ಬಾಯಿ ಚಿಕ್ಕದು. ನಾಲ್ಕು ದಿನ ಒಣಗಿಸಿ ಐದನೆಯ ದಿನ ಹೊತ್ತಿಸಿದಳು. ಆ ಮಧ್ಯಾಹ್ನ ಬುಟ್ಟಿ ಹೊತ್ತುಕೊಂಡು ನನ್ನ ಖೋಲಿಗೆ ಬಂದು, ಸಾವಿತ್ರವ್ವನ ಕಣ್ಣೆದುರೇ ಅರವತ್ತು ರೊಟ್ಟಿಯನ್ನು ನನ್ನ ಹಾಸಿಗೆಯ ಮೇಲೆ ಸುರುವಿದಳು. ಎಲ್ಲವೂ ನಡುವೆ ಸೀದಿದ್ದವು, ಅಂಚು ಹಸಿ ಹಿಟ್ಟು. ಖಂಡೆಪ್ಪ ಒಂದನ್ನೂ ಇಟ್ಟುಕೊಳ್ಳದೆ ತಿರುಗಿ ಕಳಿಸಿದ್ದ.

"ತಿನ್ನು," ಎಂದಳು. "ಅರವತ್ತೂ ನೀನ ತಿನ್ನು."

ನಾನು ಕೈಪಿಡಿ ತೆಗೆದು ಚಿತ್ರ ತೋರಿಸಿದೆ. ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ವಾದಿಸಿದೆ. ಅವಳು ಬಗ್ಗಿ ಚಿತ್ರ ನೋಡಿದಳು. ಅದರಲ್ಲಿ ಒಲೆಯ ಮೇಲೆ ಒಂದು ಪಾತ್ರೆ ಕೂತಿತ್ತು.

"ಇದನ್ನ ಬರದಾಂವ ಅನ್ನ ಉಣ್ಣಾಂವ," ಎಂದಳು. "ರೊಟ್ಟಿ ಹಂಚು ಕಂಡಿಲ್ಲ ಆಂವ. ಕಂಡಾಕಿ ನೀನರ ಇದ್ದೀ, ನಿನಗೂ ಕಣ್ಣಿಲ್ಲ."

ಅವಳು ಹೇಳಿದ್ದು ಸರಿಯಿತ್ತು. ಅದಕ್ಕೇ ಅವಳನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು ಬಂತು. ಹುಟ್ಟಿದಾಗಿನಿಂದ ರೊಟ್ಟಿ ತಿಂದಿದ್ದೆ, ಉರಿ ಹಂಚಿನ ಅಂಚಿಗೂ ಮುಟ್ಟಬೇಕೆನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ.

ಮರುದಿನ ಒಲೆ ತಿದ್ದಲು ಹೋದರೆ ಮಣ್ಣು ಮುಟ್ಟಗೊಡಲಿಲ್ಲ. ಮೊದಲು ರೊಟ್ಟಿ ಬಡಿ ಎಂದು ಹಿಟ್ಟಿನ ಮುಂದೆ ಕೂರಿಸಿದಳು. ನನ್ನ ರೊಟ್ಟಿ ಎತ್ತುವಾಗ ಮೂರು ಚೂರಾಯಿತು. ರೇವವ್ವ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಆ ನಗುವಿಗಿಂತ ಅವಳ ಬೈಗುಳವೇ ವಾಸಿಯಾಗಿತ್ತು. ಮೂರು ದಿನ ಹೀಗೇ ನಡೆಯಿತು. ನಾನು ನಳಿಗೆ ಎತ್ತರಿಸು ಎಂದರೆ ಅವಳು ಬಾಯಿ ಅಗಲಿಸು ಎನ್ನುವಳು. ಒಂದು ಸಲ ಕೆಸರಿನ ಮುದ್ದೆಯನ್ನು ನನ್ನ ಮೇಲೆಯೇ ಎಸೆದಳು, ನಾನೂ ಎಸೆದೆ. ಕಡೆಗೆ ಹಂಚನ್ನೇ ಬೋರಲು ಹಾಕಿ ಗೆರೆ ಎಳೆದು ಕಂಡಿ ಬಿಟ್ಟೆವು. ಅಳೆದರೆ ಹದಿಮೂರು ಇಂಚಾಗಿತ್ತು. ಬೆಂದ ರೊಟ್ಟಿಯನ್ನು ಕೆಂಡದೆದುರು ನಿಲ್ಲಿಸಲು ಒಲೆಯ ಬಾಯಿ ಅಗಲವಾಗಿಯೇ ಉಳಿಯಿತು. ಒಣಗಿದ ಮೇಲೆ ಹೊತ್ತಿಸಿದಾಗ ಹೊಗೆಯೆಲ್ಲ ನಳಿಗೆ ಹಿಡಿದು ಮಾಳಿಗೆಯ ಮೇಲಕ್ಕೆ ಹೋಯಿತು, ರೊಟ್ಟಿ ಅಂಚಿನವರೆಗೆ ಉಬ್ಬಿತು.

"ಹೊಗಿ ಹೋತು," ಎಂದಳು ರೇವವ್ವ. "ಇನ್ನ ನೀನೂ ಹೋಗ."

ಅದಕ್ಕಿಂತ ಹೆಚ್ಚಿನ ಉಪಕಾರದ ಮಾತು ಅವಳಿಂದ ಬರಲಿಲ್ಲ. ಎರಡು ವಾರದಲ್ಲಿ ಅವಳ ಕೆಮ್ಮು ಮಾತ್ರ ಇಳಿದಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೇ ಮೂವತ್ತೊಂದರ ಮುಂಜಾನೆ ಇಂದುಬಾಯಿ ಬಂದರು. ಬಸವನ ಬಾಗೇವಾಡಿಯವರು, ಗಂಜಿ ಹಾಕಿದ ಬಿಳಿ ಸೀರೆ, ಕೈಯಲ್ಲಿ ಅಳತೆಯ ಟೇಪು. ಒಂಬತ್ತು ಮನೆಗಳನ್ನು ಹನ್ನೊಂದು ಗಂಟೆಯೊಳಗೆ ಮುಗಿಸಿದರು. ಐದು ಒಲೆಗಳಲ್ಲಿ ಬೂದಿಯೇ ಇರಲಿಲ್ಲ, ಯಾರೂ ಹೊತ್ತಿಸಿರಲಿಲ್ಲ. ಒಂದರಲ್ಲಿ ಉಳ್ಳಾಗಡ್ಡಿ ತುಂಬಿಟ್ಟಿದ್ದರು. ಇನ್ನೊಂದರಲ್ಲಿ ಕೋಳಿ ಕಾವಿಗೆ ಕೂತಿತ್ತು. ಕೋಳಿಯನ್ನು ಎಬ್ಬಿಸಿ ಅಳೆದು, ಎಂಟು ಇಂಚು ಸರಿಯಿದೆ ಎಂದು ಬರೆದು ಸಹಿ ಹಾಕಿದರು.

ರೇವವ್ವನ ಮನೆಗೆ ಹೋದಾಗ ಒಲೆ ಉರಿದು ಆಗ ತಾನೇ ಆರಿತ್ತು. ಅವಳು ಸಂಜೆಯ ಸರದಿಗೆ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಇಂದುಬಾಯಿ ಟೇಪು ಹಿಡಿದರು.

"ಪುಸ್ತಕದಾಗ ಎಷ್ಟೈತಿ?"

"ಎಂಟ್ರಿ."

"ಇದೆಷ್ಟೈತಿ?"

"ಹದಿಮೂರ್ರಿ. ರೊಟ್ಟಿಗೆ ಇಷ್ಟ ಬೇಕಾಕ್ಕೈತ್ರಿ ಬಾಯಾರ. ಹತ್ತರಾಗ ದಿನಾ ಉರಿಯೂದು ಇದೊಂದರೀ."

"ನಾ ರೊಟ್ಟಿ ಕೇಳಿಲ್ಲ, ಅಳತಿ ಕೇಳೇನಿ. ಒಡದು ಮತ್ತ ಹಾಕು. ನನಗ ಎರಡರ ಬಸ್ಸಿಗೆ ಹೋಗೂದೈತಿ."

ಸುತ್ತಲೂ ಮಣ್ಣು ಹಚ್ಚಿ ಕಂಡಿ ಸಣ್ಣದು ಮಾಡುತ್ತೇನೆ ಎಂದೆ. ತೇಪೆ ನಡೆಯುವುದಿಲ್ಲ ಎಂದರು. ರೇವವ್ವ ಜರಡಿ ಕೆಳಗಿಟ್ಟು ಎದ್ದು ಬಂದಳು.

"ಈ ಒಲಿ ನಂದು," ಎಂದಳು.

"ಇಟ್ಕೋ ವಾ, ಯಾರ ಬ್ಯಾಡ ಅಂದಾರ? ಈಕಿಗೆ ಸಹಿ ಸಿಗೂದಿಲ್ಲ, ಅಷ್ಟ."

ಆಗ ರೇವವ್ವ ನನ್ನ ಕಡೆ ತಿರುಗಿದಳು. ಅವಳು ಬೈಯುತ್ತಾಳೆಂದು ನಾನು ಕಾದೆ. ಬೈದಿದ್ದರೆ ಕೆಲಸ ಸುಲಭವಾಗುತ್ತಿತ್ತು.

"ಕಸ್ತೂರಿ, ಬ್ಯಾಡ," ಎಂದಳು.

ಇಷ್ಟು ದಿನದಲ್ಲಿ ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಒಲೆ ಒಡೆದರೆ ಮತ್ತೆ ನಾಲ್ಕು ದಿನ ಒಣಗಬೇಕು, ಒಣಗಿದ ಮೇಲೂ ಆ ಎಂಟು ಇಂಚಿನಲ್ಲಿ ಅವಳ ರೊಟ್ಟಿ ಬೇಯುವುದಿಲ್ಲ. ಎಲ್ಲ ಗೊತ್ತಿತ್ತು. ಮುದ್ದೇಬಿಹಾಳದವನ ಮುಖವೂ ಕಣ್ಣ ಮುಂದೆ ಇತ್ತು. ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡೆ. ಮೊದಲ ಏಟಿಗೆ ಒಲೆ ಬೀಳಲಿಲ್ಲ, ಅಷ್ಟು ಗಟ್ಟಿಯಾಗಿ ಕಟ್ಟಿದ್ದೆವು. ನಾಲ್ಕನೆಯ ಏಟಿಗೆ ಕಂಡಿ ಸೀಳಿತು.

ಇಂದುಬಾಯಿ ಬಾಗಿಲಲ್ಲಿ ಕೂತು ಗಾಳಿ ಹಾಕಿಕೊಂಡರು. ರೇವವ್ವ ಹಂಚನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಮೂರು ಕಲ್ಲು ಹೂಡಿದಳು. ಎರಡು ತಾಸು ನಾನು ಮಣ್ಣು ಕಲಸಿ ಕಟ್ಟಿದೆ. ಹಸಿ ಒಲೆಯ ಮೇಲೆ ಟೇಪು ಇಟ್ಟು, ಎಂಟು ಎಂದು ಬರೆದು, ಇಂದುಬಾಯಿ ಸಹಿ ಹಾಕಿ ಕಾಗದ ನನ್ನ ಕೈಗೆ ಕೊಟ್ಟರು. ಟೇಪು ಸುತ್ತುತ್ತ, ನೀರು ಕೇಳಿದಷ್ಟು ಸಲೀಸಾಗಿ ಹೇಳಿದರು.

"ಬಾಗೇವಾಡ್ಯಾಗ ನಮ್ಮನಿ ಒಲಿ ಕಂಡಿ ಹದಿನಾಕ ಇಂಚೈತಿ. ಎಂಟರಾಗ ರೊಟ್ಟಿ ಬೇಯೂದಿಲ್ಲ ಅನ್ನೂದು ನನಗೂ ಗೊತ್ತೈತಿ. ನೌಕರಿ ಬ್ಯಾರೆ, ಮನಿ ಬ್ಯಾರೆ. ನೀನೂ ಕಲೀತಿ."

ಹಾಗೆಂದು ಹೊರಗೆ ಹೋದರು. ರೇವವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಹಂಗಾರ ಇಬ್ಬರೂ ಗೊತ್ತಿದ್ದ ಒಡದ್ರಿ," ಎಂದಳು.

ದನಿ ಏರಿಸಲಿಲ್ಲ. ನನಗೆ ಮದುವೆಯ ಮಾತು ಹೇಳಿಬಿಡಬೇಕೆನಿಸಿತು. ಒಂದು ತಿಂಗಳು ಅವಳ ಮನೆಗೆ ಓಡಾಡಿದ್ದೆ, ಅದನ್ನು ಒಮ್ಮೆಯೂ ಅವಳಿಗೆ ಹೇಳಿರಲಿಲ್ಲ. ಹೇಳಿದ್ದರೂ ಅವಳ ಮಾತು ಸುಳ್ಳಾಗುತ್ತಿರಲಿಲ್ಲ. ಅಷ್ಟರಲ್ಲಿ ಅವಳು ಕೆಮ್ಮುತ್ತ ಹಿತ್ತಲಿಗೆ ಹೊರಳಿದಳು. ಓಣಿಯಿಂದ ಇಂದುಬಾಯಿ ಬಸ್ಸಿಗೆ ಹೊತ್ತಾಯಿತೆಂದು ಕೂಗಿದರು. ಕಾಗದಕ್ಕೆ ಮಣ್ಣು ಹತ್ತದಂತೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೋದೆ.