ಸವಳು ನೀರು

ಇದನ್ನು ಯಾರಿಗೂ ಹೇಳಿಲ್ಲ, ನಾಚಿಕೆಗೆ. ಐವತ್ತರ ದಶಕದ ಕೊನೆಗೆ ನಾನು ರೋಣದ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ. ಜೊತೆಗೆ ಮೇಲಿನ ಪದವಿಯ ಹುಚ್ಚು. ರವಿವಾರ ಶಾಲೆಯ ಕೋಣೆಯಲ್ಲೇ ಆಕ್ಸಾಲಿಕ್ ಆಮ್ಲವನ್ನು ಗಾಜಿನ ಕೊಳವೆಯಲ್ಲಿ ಹಾಕಿ, ಕಾದ ಎಣ್ಣೆಯಲ್ಲಿ ಅದ್ದಿಡುತ್ತಿದ್ದೆ. ಆಮ್ಲ ಒಡೆದು ಹೊರಡುವ ಅನಿಲವನ್ನು ಬೋಗುಣಿಯ ನೀರಿನ ಮೇಲೆ ಹಿಡಿದು ನಿಮಿಷಕ್ಕೊಮ್ಮೆ ಅಳೆಯಬೇಕು. ಚಿಟಿಕೆ ತಾಮ್ರದ ಆಕ್ಸೈಡ್ ಬೆರೆಸಿದರೆ ಆಮ್ಲ ಬೇಗ ಒಡೆಯುತ್ತಿತ್ತು. ಎಷ್ಟು ಬೇಗ ಎಂಬುದೇ ನನ್ನ ಪ್ರಬಂಧ.

ಗಡಿಯಾರದ ಮುಂದೆ ಕೂತು ನಿಮಿಷ ಕೂಗುತ್ತಿದ್ದವರು ಶಾಲೆಯ ಜವಾನ. ಅಪ್ಪನ ವಯಸ್ಸಿನವರು; ಕಾಕಾ ಅನ್ನುತ್ತಿದ್ದೆ. ಅಕ್ಷರ ಬರುತ್ತಿರಲಿಲ್ಲ, ಆದರೆ ಇದಕ್ಕಾಗಿಯೇ ಸೆಕೆಂಡಿನ ಮುಳ್ಳು ಓದಲು ಕಲಿತಿದ್ದರು. "ನಾನೂ ಮಾಸ್ತರ ಜೋಡಿ ಪ್ರಯೋಗ ಮಾಡ್ತೀನಿ" ಎಂದು ಓಣಿಗೆಲ್ಲ ಹೇಳಿಕೊಂಡಿದ್ದರು. ಬಾವಿಯ ಸವಳು ನೀರಿನಲ್ಲಿರುವ ಕ್ಷಾರ ಅನಿಲವನ್ನು ನುಂಗುತ್ತದೆಂದು ನಾನೇ ತಿಳಿಸಿದ್ದೆ. ಅದಕ್ಕೇ ದೂರದ ಕೆರೆಯಿಂದ ಒಂದು ಕೊಡ ಸಿಹಿನೀರು ಹೊತ್ತು ತರುತ್ತಿದ್ದರು.

ಧಾರವಾಡದಿಂದ ನನ್ನ ಗುರುಗಳು ಪ್ರಯೋಗ ನೋಡಲು ಬಂದರು. ಅವರಿಗೆ ಸವಳು ಚಹಾ ಕೊಡುವುದು ಹೇಗೆಂದು ಆ ಕೊಡವನ್ನು ಚಹಾಕ್ಕೆ ಎತ್ತಿಟ್ಟೆ. ಒಂದು ದಿನಕ್ಕೇನಾದೀತು ಎಂದು ಬೋಗುಣಿಗೆ ಬಾವಿಯ ನೀರು ಸುರಿದೆ. ಅಳತೆಯೆಲ್ಲ ಕಡಿಮೆ ಬಂತು. ಗುರುಗಳ ಹುಬ್ಬು ಗಂಟಾಯಿತು. ಕಾರಣ ನನಗೆ ಚೆನ್ನಾಗಿ ಗೊತ್ತಿತ್ತು.

"ಕಾಕಾ ನಿಮಿಷ ತುಂಬೂಕ್ಕಿಂತ ಮೊದಲ ಕೂಗ್ಯಾರಂತ ಕಾಣ್ತದರಿ" ಎಂದೆ. ಆಗಲೇ ನನ್ನ ನಾಲಿಗೆ ಬಿದ್ದುಹೋಗಬೇಕಿತ್ತು.

ಕಾಕಾ ಬೋಗುಣಿ ನೋಡಿದರು, ಆಮೇಲೆ ನನ್ನನ್ನು. "ಇರಬೇಕ್ರಿ ಸಾಹೇಬ್ರ. ಕಣ್ಣು ಮಂಜ ಆಗ್ಯಾವ."

"ಗಡಿಯಾರದ ಮುಂದ ಬ್ಯಾರೆಯವರನ್ನ ಕೂಡ್ರಸ್ರಿ" ಎಂದರು ಗುರುಗಳು.

ಮುಂದಿನ ರವಿವಾರ ಆ ಜಾಗದಲ್ಲಿ ಇನ್ನೊಬ್ಬ ಮಾಸ್ತರನನ್ನು ಕೂಡಿಸಿದೆ. ಯಾರೂ ಕರೆಯದಿದ್ದರೂ ಕಾಕಾ ಬಂದರು. ಎರಡು ಕೊಡ ಇಳಿಸಿದರು.

"ಇದು ಚಹಾಕ್ಕರಿ. ಇದು ಬೋಗುಣಿಗೆ."

ಅಷ್ಟೇ ಹೇಳಿ ಪಡಸಾಲೆ ಗುಡಿಸಲು ಹೋದರು. ನಾನು ತಡೆಯಲಿಲ್ಲ, ಮುಖ ಎತ್ತುವ ಧೈರ್ಯವೂ ಆಗಲಿಲ್ಲ.

ಅಂದಿನ ಅಳತೆಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದಾಗ ಚುಕ್ಕೆಗಳೆಲ್ಲ ಒಂದೇ ಗೆರೆಯ ಮೇಲೆ ಬಿದ್ದವು. ಲೆಕ್ಕ ಕಳಿಸಿದೆ. ಮನುಷ್ಯನನ್ನು ಬದಲಿಸಿದ್ದಕ್ಕೆ ಸರಿಹೋಯಿತಲ್ಲವೇ ಎಂದು ಗುರುಗಳು ಕಾಗದ ಬರೆದರು. ಹೌದೆಂದು ಉತ್ತರ ಬರೆದೆ. ಆ ಕಾಗದವನ್ನು ಟಪಾಲಿಗೆ ಹಾಕಿ ಬಂದವರೂ ಕಾಕಾನೇ.